ಹೆಗ್ಗಳದ ಘಾಟಿಯವರೆಗೆ: ಮಡಿಕೇರಿಯಿಂದ ಹೊರಡುವ ಎರಡು ದಿನಗಳ ಇತಿಹಾಸ ಪ್ರವಾಸ

ಮಡಿಕೇರಿಯ ಒಂದು ಸಣ್ಣ ತಂಡ ನಡೆಸುವ ಎರಡು ದಿನಗಳ ಇತಿಹಾಸ ಪ್ರವಾಸಕ್ಕೆ ಈ ಫೆಬ್ರವರಿಯಲ್ಲಿ ನಾನು, ನನ್ನ ಹೆಂಡತಿ ಮತ್ತು ಅಕ್ಕನ ಮಗ ಹೋಗಿಬಂದೆವು. ಕೊಡಗಿಗೆ ಬಂದವರಿಗೆ ಜಲಪಾತ, ಕಾಫಿ ತೋಟ, ಆನೆ ಬಿಡಾರ ತೋರಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಹದಿನೆಂಟನೆಯ ಶತಮಾನದ ಕೊನೆಯ ಹತ್ತು ಹನ್ನೆರಡು ವರ್ಷಗಳಲ್ಲಿ ಒಂದು ಪುಟ್ಟ ಬೆಟ್ಟದ ಸಂಸ್ಥಾನ ತನಗಿಂತ ಎಷ್ಟೋ ಪಾಲು ದೊಡ್ಡದಾದ ಮೈಸೂರಿನ ಸೈನ್ಯವನ್ನು ಹೇಗೆ ತಡೆಯಿತು, ಅದಕ್ಕಾಗಿ ಯಾರ ಕೈ ಹಿಡಿಯಿತು ಎಂಬುದನ್ನೇ ವಿಷಯವಾಗಿಟ್ಟುಕೊಂಡು ಜಾಗದಿಂದ ಜಾಗಕ್ಕೆ ಕರೆದೊಯ್ಯುವವರನ್ನು ನಾನು ಕಂಡದ್ದು ಇದೇ ಮೊದಲು. ತಂಡದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೊಗಳಿಕೆಯ ಜೊತೆಗೆ ಕೆಲವು ದೂರುಗಳೂ ಇವೆ. ಅವನ್ನು ಅವರಿಗೆ ಮುಖತಃ ಹೇಳಿದ್ದೇನೆ, ಸರಿಪಡಿಸಿಕೊಳ್ಳುತ್ತೇವೆ ಎಂದು ಅವರೂ ಒಪ್ಪಿದ್ದಾರೆ. ಹಾಗಿರುವಾಗ ಹೆಸರು ಹಾಕುವುದು ನ್ಯಾಯವೆನಿಸಲಿಲ್ಲ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡಬೇಕು. ನಮ್ಮ ಹಿರಿಯರ ಊರು ಪಿರಿಯಾಪಟ್ಟಣದ ಸೀಮೆಯಲ್ಲಿದೆ. ಅಂದರೆ ಈ ಪ್ರವಾಸದ ಕಥೆಯಲ್ಲಿ ನಾವು ಗಡಿಯ ಆಚೆಯವರು, ಕೊಡಗಿನ ಅರಸನನ್ನು ಸೆರೆಯಲ್ಲಿಟ್ಟಿದ್ದ ಕೋಟೆಯ ನೆರಳಿನಲ್ಲಿ ಬೇಸಾಯ ಮಾಡಿಕೊಂಡಿದ್ದವರು. ಜೀಪಿನಲ್ಲಿದ್ದ ಎಂಟು ಮಂದಿಯಲ್ಲಿ ಆ ಕಡೆಯವರು ನಾವು ಮೂವರೇ ಆದುದರಿಂದ, ನನ್ನ ತೀರ್ಪಿನಲ್ಲಿ ಅದರ ಛಾಯೆ ಸ್ವಲ್ಪ ಬಿದ್ದಿರಬಹುದು.

ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಜೀಪು ಹಳೆಯದಾದರೂ ಗಟ್ಟಿಯಾಗಿತ್ತು, ಚಾಲಕ ಘಾಟಿಯ ತಿರುವುಗಳಲ್ಲಿ ಒಮ್ಮೆಯೂ ಆತುರ ಮಾಡಲಿಲ್ಲ, ರಾತ್ರಿ ಉಳಿದ ಕಕ್ಕಬ್ಬೆಯ ಹತ್ತಿರದ ಮನೆಯಲ್ಲಿ ಬಿಸಿನೀರೂ ಇತ್ತು, ಅಕ್ಕಿ ಒಟ್ಟಿಯೂ ಕಡಂಬಿಟ್ಟೂ ಇದ್ದವು. ಪ್ರವಾಸದ ಜೀವ ಇರುವುದು ವಿವರಣೆ ಕೊಡುವ ನಿವೃತ್ತ ಇತಿಹಾಸ ಶಿಕ್ಷಕರಲ್ಲಿ. ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಅರೆಭಾಷೆ ಮನೆಮಾತಿನವರು, ಕೊಡವ ತಕ್ಕ್ ಕೂಡ ಸರಾಗವಾಗಿ ಮಾತನಾಡುತ್ತಾರೆ. ನಮ್ಮೊಡನೆ ಶುದ್ಧವಾದ, ಸ್ವಲ್ಪ ತರಗತಿಯ ಧಾಟಿಯ ಕನ್ನಡ. ಪ್ರಶ್ನೆ ಕೇಳಿದರೆ ಬೇಸರಿಸಿಕೊಳ್ಳುವುದಿಲ್ಲ, ಆದರೆ ಅರ್ಧಕ್ಕೆ ತಡೆದರೆ ಮೊದಲ ವಾಕ್ಯದಿಂದ ಮತ್ತೆ ಆರಂಭಿಸುತ್ತಾರೆ.

ಮೊದಲ ದಿನ ಬೆಳಿಗ್ಗೆ ಮಡಿಕೇರಿಯ ಕೋಟೆ. ಕೊಡಗನ್ನು ಆಳಿದ ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದಾಗ ಕಟ್ಟಿಸಿದ್ದು ಮಣ್ಣಿನ ಕೋಟೆ; ಅದನ್ನು ಕಲ್ಲಿನಲ್ಲಿ ಮತ್ತೆ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ. ಒಳಗಿನ ಅರಮನೆಯ ಈಗಿನ ರೂಪ ಲಿಂಗರಾಜೇಂದ್ರನ ಕಾಲದ್ದು, ಅಂಗಳದಲ್ಲಿ ಗಾರೆಯ ಎರಡು ಆನೆಗಳು ನಿಂತಿವೆ, ಪಕ್ಕದ ಹಳೆಯ ಚರ್ಚು ವಸ್ತುಸಂಗ್ರಹಾಲಯವಾಗಿದೆ. ಸಾಮಾನ್ಯ ಮಾರ್ಗದರ್ಶಿಗಳು ಆನೆಗಳ ಮುಂದೆ ಫೋಟೋ ತೆಗೆಸಿ ಹೊರಟುಬಿಡುತ್ತಾರೆ. ಮೇಷ್ಟ್ರು ನಮ್ಮನ್ನು ಪೂರ್ವದ ಕಡೆ ಮುಖ ಮಾಡಿ ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು: “ಈ ಕೋಟೆಯಲ್ಲಿ ಐನೂರು ಜನ ಸಿಪಾಯಿಗಳಿದ್ದಾರೆ ಅಂತ ಇಟ್ಟುಕೊಳ್ಳಿ. ಅವರ ನಾಳೆಯ ಅಕ್ಕಿ ಎಲ್ಲಿಂದ ಬರಬೇಕು?”

ಇಡೀ ಪ್ರವಾಸದ ಬೀಗದ ಕೈ ಈ ಪ್ರಶ್ನೆಯೇ. ಮೈಸೂರಿನ ಕಡೆಯಿಂದ ಕೊಡಗನ್ನು ಹತ್ತುವುದು ಅಷ್ಟೇನೂ ಕಷ್ಟವಲ್ಲ. ಪೂರ್ವದಲ್ಲಿ ನೆಲ ನಿಧಾನವಾಗಿ ಏರುತ್ತದೆ. ಕಡಿದಾದ ಇಳಿಜಾರು ಇರುವುದು ಪಶ್ಚಿಮದಲ್ಲಿ, ಮಲಬಾರಿನ ಕಡೆಗೆ. ಹಾಲೇರಿ ಮತ್ತು ಹೊರಮಲೆ ಶಾಖೆಗಳ ನಡುವಿನ ದಾಯಾದಿ ಜಗಳದಲ್ಲಿ ಕೈಹಾಕಿ ಹೈದರಾಲಿ 1773ರಲ್ಲಿ ಮಡಿಕೇರಿಯನ್ನು ಹಿಡಿದ. ಒಂದನೆಯ ಲಿಂಗರಾಜ 1780ರಲ್ಲಿ ತೀರಿಕೊಂಡಾಗ ಎಳೆಯ ರಾಜಕುಮಾರರ ಪೋಷಕನೆಂಬ ನೆಪದಲ್ಲಿ ನಾಡನ್ನೇ ವಶಕ್ಕೆ ತೆಗೆದುಕೊಂಡ. ಹಿಡಿದದ್ದು ಒಮ್ಮೆಯಾದರೆ ದಂಗೆ ಮತ್ತೆ ಮತ್ತೆ. ಕೋಟೆಯಲ್ಲಿ ಕಾವಲುಪಡೆಯನ್ನಿಟ್ಟು ದೊಡ್ಡ ಸೈನ್ಯ ಹಿಂದಿರುಗಿದ ಮೇಲೆ, ಆ ಕಾವಲುಪಡೆಯ ಅಕ್ಕಿ, ಮದ್ದು, ಗುಂಡು ಎಲ್ಲವೂ ಎತ್ತುಗಳ ಬೆನ್ನ ಮೇಲೆ ಕಾಡಿನೊಳಗಿನ ದಾರಿಯಲ್ಲಿಯೇ ಬರಬೇಕು. ಟಿಪ್ಪು ಮಡಿಕೇರಿಯಲ್ಲದೆ ಕುಶಾಲನಗರ, ಬೇಪುನಾಡು, ಭಾಗಮಂಡಲಗಳಲ್ಲಿಯೂ ಕೋಟೆ ಇಟ್ಟುಕೊಂಡಿದ್ದ. ನಾಲ್ಕು ಕೋಟೆಯೆಂದರೆ ನಾಲ್ಕು ಹೊಟ್ಟೆ, ಅಷ್ಟಕ್ಕೂ ಒಂದೇ ಗಂಟಲು. ಕೊಡಗರು ಕೋಟೆಯ ಗೋಡೆಗೆ ತಲೆ ಚಚ್ಚಿಕೊಳ್ಳುವ ಗೋಜಿಗೆ ಹೋಗದೆ ಆ ಗಂಟಲನ್ನು ಹಿಡಿಯುತ್ತಿದ್ದರು.

ಕೋಟೆಯಿಂದ ಗದ್ದುಗೆಗೆ ಹೋದೆವು. ದೊಡ್ಡ ವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿಗಳ ಗುಮ್ಮಟಗಳು ಟಿಪ್ಪುವಿನ ಕಾಲದ ಮುಸ್ಲಿಂ ಕಟ್ಟಡಗಳ ಶೈಲಿಯನ್ನೇ ಹೋಲುತ್ತವೆ. ಒಳಗಿರುವುದು ಶಿವಲಿಂಗ, ಹೊರಗಿನ ಆಕಾರ ಶತ್ರುವಿನ ರಾಜಧಾನಿಯಲ್ಲಿ ಕಂಡಂಥದ್ದು. ಯುದ್ಧದಲ್ಲಿ ಎದುರು ನಿಂತವರ ಅಭಿರುಚಿಯನ್ನು ಮನೆಯೊಳಗೆ ಕರೆದುಕೊಳ್ಳಲು ಆ ಅರಸರಿಗೆ ಯಾವ ಸಂಕೋಚವೂ ಇದ್ದಂತೆ ಕಾಣುವುದಿಲ್ಲ. ಹತ್ತಿರದಲ್ಲಿಯೇ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳಿವೆ. ಟಿಪ್ಪುವಿನ ಸೈನ್ಯದೊಡನೆ ಕಾದಾಡಿ ಮಡಿದ ಅಧಿಕಾರಿಗಳೆಂದು ಅವರನ್ನು ನೆನೆಯುತ್ತಾರೆ. ಇಲ್ಲಿ ಮೇಷ್ಟ್ರು 1785ರ ವಿಷಯ ಎತ್ತಿದರು. ದಂಗೆಯನ್ನು ಅಡಗಿಸಲು ಬಂದ ಟಿಪ್ಪುವಿನ ಸೈನ್ಯ ಅಪಾರ ಸಂಖ್ಯೆಯ ಜನರನ್ನು, ಹೆಂಗಸರು ಮಕ್ಕಳೆನ್ನದೆ, ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿತು. ಎಷ್ಟು ಮಂದಿ ಎಂಬ ಲೆಕ್ಕ ಒಂದು ದಾಖಲೆಯಿಂದ ಇನ್ನೊಂದಕ್ಕೆ ಹತ್ತಾರು ಸಾವಿರದಷ್ಟು ಬೇರೆಯಾಗುತ್ತದೆ, ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಮೇಷ್ಟ್ರು ಯಾವುದೇ ಸಂಖ್ಯೆಯನ್ನು ಮಂತ್ರದಂತೆ ಉಚ್ಚರಿಸದೆ, ಸಂಖ್ಯೆ ಯಾವುದಾದರೂ ಮನೆಗಳು ಖಾಲಿಯಾದದ್ದು ನಿಜ ಎಂದಷ್ಟೇ ಹೇಳಿ ಮುಂದೆ ನಡೆದರು. ಇಷ್ಟು ಸೂಕ್ಷ್ಮವಾದ ವಿಷಯವನ್ನು ಎಂಟು ಜನ ಅಪರಿಚಿತರ ಮುಂದೆ ಇಷ್ಟು ಹದವಾಗಿ ನಿಭಾಯಿಸಿದ್ದಕ್ಕೆ ಪ್ರವಾಸದ ಹಣದ ಅರ್ಧ ಅಲ್ಲಿಯೇ ಸಂದಿತು ಎನ್ನಬಹುದು.

ಮಧ್ಯಾಹ್ನದ ನಂತರ ತೋರಿಸಿದ ಕಡಂಗವೇ, ಅಂದರೆ ರಕ್ಷಣೆಗಾಗಿ ತೋಡಿದ ಹಳೆಯ ಕಂದಕವೇ, ನನಗೆ ಈ ಎರಡು ದಿನಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಮನಸ್ಸಿನಲ್ಲಿ ಉಳಿದಿರುವುದು. ಒಂದು ತೋಟದ ಮಾಲೀಕರ ಅನುಮತಿ ಪಡೆದು, ಕಾಫಿ ಗಿಡಗಳ ಸಾಲು ಮುಗಿದು ಕಾಡು ಆರಂಭವಾಗುವಲ್ಲಿ ನಮ್ಮನ್ನು ಇಳಿಸಿದರು. ಮೊದಲ ನೋಟಕ್ಕೆ ಅದು ಬರಿಯ ಮಣ್ಣಿನ ದಿಣ್ಣೆ. ಅದರ ಮೇಲೆ ಮರಗಳು ಬೆಳೆದಿವೆ, ಜರೀಗಿಡ ಮುಚ್ಚಿದೆ. ಕಂದಕಕ್ಕೆ ಇಳಿದು ಮೇಲೆ ನೋಡಿದಾಗಲೇ ಅದರ ಗಾತ್ರ ಅರಿವಾಗುವುದು. ಇಂಥ ಕಡಂಗಗಳು ಕೊಡಗಿನ ಬೆಟ್ಟ ಕಣಿವೆಗಳಲ್ಲಿ ಮೈಲುಗಟ್ಟಲೆ ಹರಿದಿವೆ. ಕೆಲವೆಡೆ ದಿಣ್ಣೆಯ ಎತ್ತರವೇ ಇಪ್ಪತ್ತು ಅಡಿಯಷ್ಟಿದೆ. ಇವು ಮೈಸೂರಿನ ಯುದ್ಧಕ್ಕಿಂತ ಬಹಳ ಹಿಂದೆ, ನಾಡುನಾಡುಗಳ ನಡುವಿನ ಕಾದಾಟದ ಕಾಲದಲ್ಲಿ ತೋಡಿದವೆಂದು ನಂಬಿಕೆ. ಹೊರಗಿನ ಸೈನ್ಯ ಬಂದಾಗ, ನೆರೆಯ ನಾಡಿನವರ ವಿರುದ್ಧ ಅಜ್ಜಂದಿರು ತೋಡಿದ ಅದೇ ಕಂದಕದಲ್ಲಿ ಮೊಮ್ಮಕ್ಕಳು ಕೋವಿ ಹಿಡಿದು ಕುಳಿತರು. ದಾರಿಗಳ ಬಾಯಲ್ಲಿ ಉಕ್ಕಡಗಳು, ಅಂದರೆ ಕಾವಲು ಕಟ್ಟೆಗಳು. ಕೋವಿಯ ಜೊತೆಗೆ ಸೊಂಟದ ಹಿಂದೆ ಒಡಿಕತ್ತಿ. ಕಾಡಿನಲ್ಲಿ ದಾರಿ ಬಿಡಿಸಿಕೊಳ್ಳುವುದಕ್ಕೂ ಅದೇ, ಹತ್ತಿರದ ಕಾದಾಟಕ್ಕೂ ಅದೇ.

ಅಕ್ಕನ ಮಗ ಅಲ್ಲಿ ಕೇಳಿದ ಪ್ರಶ್ನೆ ಚೆನ್ನಾಗಿತ್ತು: ಇಷ್ಟು ಜನರಿಗೆ ಸಂಬಳ ಕೊಡುವವರು ಯಾರು? ಸಂಬಳವಿರಲಿಲ್ಲ, ಜಮ್ಮಾ ಭೂಮಿಯಿತ್ತು ಎಂದು ಮೇಷ್ಟ್ರು ವಿವರಿಸಿದರು. ಕಡಿಮೆ ಕಂದಾಯಕ್ಕೆ ವಂಶಪಾರಂಪರ್ಯವಾಗಿ ಗದ್ದೆ ಅನುಭವಿಸುವವನು, ಅರಸನ ಕರೆ ಬಂದಾಗ ಆಯುಧ ಹಿಡಿದು ಹೊರಡಬೇಕು. ಇದರಿಂದ ಖರ್ಚಿಲ್ಲದ ಸೈನ್ಯ ಸಿಗುತ್ತದೆ. ಆದರೆ ನಾಟಿಯ ಕಾಲದಲ್ಲಿ ಆ ಸೈನ್ಯಕ್ಕೆ ಗದ್ದೆಯೂ ಮುಖ್ಯ. ಬೆಟ್ಟದ ಜನರ ಶೌರ್ಯದ ಬಗ್ಗೆ ಮಾತನಾಡುವವರು ಈ ಕಂದಾಯದ ಲೆಕ್ಕವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಈ ಪ್ರವಾಸದಲ್ಲಿ ಬಿಡಲಿಲ್ಲ.

ಸಂಜೆ ನಾಲ್ಕುನಾಡು ಅರಮನೆ. ಕೊಡಗಿನ ಅತಿ ಎತ್ತರದ ಶಿಖರವಾದ, 1,748 ಮೀಟರಿನ ತಡಿಯಂಡಮೋಳ್ ಬೆಟ್ಟದ ಅಡಿಯಲ್ಲಿ, ಯವಕಪಾಡಿ ಗ್ರಾಮದಲ್ಲಿ ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಎರಡು ಅಂತಸ್ತಿನ ಮನೆಯಿದು. ಅರಮನೆಯೆಂಬ ಹೆಸರು ಕೇಳಿ ಮೈಸೂರಿನದನ್ನು ಕಲ್ಪಿಸಿಕೊಂಡು ಹೋದವರಿಗೆ ನಿರಾಶೆಯಾಗುತ್ತದೆ. ಮರದ ಕಂಬಗಳು, ಗೋಡೆಯ ಚಿತ್ರಗಳು, ಮುಂದೊಂದು ಪುಟ್ಟ ಮಂಟಪ. ಜಾಗವನ್ನು ಆರಿಸಿರುವ ರೀತಿ ನೋಡಿದರೆ ಮಾತ್ರ ಇದು ಹಿಂದೊಮ್ಮೆ ಸೆರೆಯಲ್ಲಿದ್ದ ಮನುಷ್ಯ ಕಟ್ಟಿಸಿದ ಮನೆಯೆಂದು ತಿಳಿಯುತ್ತದೆ. ಕಣ್ಣಿಗೆ ಬೀಳದಂತೆ ಬೆಟ್ಟದ ಮಡಿಲಲ್ಲಿ ಅಡಗಿದೆ, ಬೆನ್ನಿಗೆ ಕಾಡಿದೆ.

ಸೆರೆಯ ಕಥೆಯನ್ನು ಮೇಷ್ಟ್ರು ಆ ಮಂಟಪದ ಮೆಟ್ಟಿಲ ಮೇಲೆ ಕುಳಿತು, ಕತ್ತಲಾಗುವವರೆಗೆ ಹೇಳಿದರು. ಆಗಿನ್ನೂ ರಾಜಕುಮಾರನಾಗಿದ್ದ ವೀರರಾಜೇಂದ್ರನನ್ನು ಕುಟುಂಬದೊಡನೆ ಮೊದಲು ಗೊರೂರಿನಲ್ಲಿ, ಆಮೇಲೆ ಪಿರಿಯಾಪಟ್ಟಣದ ಕೋಟೆಯಲ್ಲಿ ಇಟ್ಟಿದ್ದರು. 1788ರ ಡಿಸೆಂಬರಿನಲ್ಲಿ ಕೊಡಗಿನ ಕೆಲವು ನಂಬಿಕಸ್ಥರ ನೆರವಿನಿಂದ ತಪ್ಪಿಸಿಕೊಂಡು ಬಂದವನು ಎರಡೇ ವರ್ಷಗಳಲ್ಲಿ ನಾಡಿನ ಬಹುಭಾಗವನ್ನು ಮತ್ತೆ ಹಿಡಿದ. ಅಫ್ಜಲಾಬಾದ್ ಎಂಬ ಹೊಸ ಹೆಸರು ಪಡೆದಿದ್ದ ಭಾಗಮಂಡಲ 1790ರಲ್ಲಿ ಮರಳಿ ಭಾಗಮಂಡಲವಾಯಿತು. ನನಗೆ ಹೊಸದಾಗಿದ್ದದ್ದು ಕಾದಿರ್ ಖಾನ್ ಕೈಸಗಿಯ ಪ್ರಸಂಗ. ಮಡಿಕೇರಿಯ ಕೋಟೆಯಲ್ಲಿ ಹಸಿದು ಕುಳಿತಿದ್ದ ಮೈಸೂರಿನ ಪಡೆಗೆ ಆಹಾರದ ಸಾಮಗ್ರಿ ತರುತ್ತಿದ್ದ ಈ ಅಧಿಕಾರಿಯನ್ನು ಕೊಡಗಿನವರು ಸುತ್ತುವರಿದರು. ಬೆಳಗಾದರೆ ಮುಗಿಸಿಬಿಡಬಹುದಾಗಿತ್ತು. ಆದರೆ ಪಿರಿಯಾಪಟ್ಟಣದ ಸೆರೆಯ ದಿನಗಳಲ್ಲಿ ಅರಸನ ಮನೆಯ ಹೆಣ್ಣುಮಕ್ಕಳ ಮಾನ ಕಾಪಾಡಿದ್ದವನು ಇವನೇ ಎಂಬ ಕಾರಣಕ್ಕೆ ವೀರರಾಜೇಂದ್ರ ಅವನನ್ನೂ ಅವನು ತಂದ ಅಕ್ಕಿಯನ್ನೂ ಕೋಟೆಯೊಳಗೆ ಹೋಗಲು ಬಿಟ್ಟ. ಆ ಅಕ್ಕಿ ಎಷ್ಟು ದಿನ ಬಂದೀತು ಎಂಬ ಲೆಕ್ಕ ಅವನಿಗೆ ಗೊತ್ತಿತ್ತು. ಕೆಲಕಾಲದಲ್ಲೇ ಕೋಟೆ ಶರಣಾಯಿತು, ಒಳಗಿದ್ದವರು ಜೀವಸಹಿತ ಹೊರಟುಹೋದರು. ಇದನ್ನು ಕೇಳಿದ ತಲಶ್ಶೇರಿಯ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯವರಿಗೆ ಮಾತ್ರ ಅನುಮಾನ ಹುಟ್ಟಿತು: ನಮ್ಮ ಮಿತ್ರ ಒಳಗಿಂದೊಳಗೆ ಶತ್ರುವಿನೊಡನೆ ಸಂಧಿ ಮಾಡಿಕೊಳ್ಳುತ್ತಿರುವನೇ?

ಮಿತ್ರತ್ವದ ಆ ಕರಾರು ಆದದ್ದು 1790ರ ಅಕ್ಟೋಬರಿನಲ್ಲಿ, ಕಂಪನಿಯ ತಲಶ್ಶೇರಿಯ ಮುಖ್ಯಸ್ಥ ರಾಬರ್ಟ್ ಟೇಲರ್‌ನ ಮೂಲಕ. ಅದರ ಕನ್ನಡ ಸಾರಾಂಶವನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ರಾತ್ರಿ ಊಟದ ನಂತರ ನಮಗೆ ಹಂಚಿದರು. ಪ್ರವಾಸದ ಉತ್ತಮ ಅಂಶಗಳಲ್ಲಿ ಇದೊಂದು. ಸೂರ್ಯಚಂದ್ರರಿರುವವರೆಗೆ ಈ ನಂಬಿಕೆ ಕೆಡದು ಎಂಬುದು ಮೊದಲ ಮಾತು. ಟಿಪ್ಪು ಇಬ್ಬರಿಗೂ ಶತ್ರು. ಅರಸನು ತನ್ನ ನಾಡಿನಲ್ಲಿ ಸಿಗುವ ದವಸವನ್ನು ಕಂಪನಿಯ ಸೈನ್ಯಕ್ಕೆ ಒದಗಿಸಬೇಕು. ಬೇರೆ ಯಾವ ಯುರೋಪಿಯನ್ನರೊಡನೆಯೂ ಸಂಬಂಧ ಇಟ್ಟುಕೊಳ್ಳಬಾರದು. ಟಿಪ್ಪುವಿನೊಡನೆ ಸಂಧಿಯಾದರೆ ಕೊಡಗಿನ ಸ್ವಾತಂತ್ರ್ಯವನ್ನು ಕಂಪನಿ ಕಾಪಾಡಬೇಕು. ಯುದ್ಧ ಮುಗಿಯುವವರೆಗೆ ಅರಸನ ಕುಟುಂಬಕ್ಕೆ ತಲಶ್ಶೇರಿಯಲ್ಲಿ ಆಶ್ರಯ. ಓದಿ ಮುಗಿಸಿದ ಮೇಲೆ ಒಂದು ಅಂಶ ನನ್ನ ಗಮನಕ್ಕೆ ಬಂತು. ಕೊಡಗಿಗೆ ಬೇಕಾದದ್ದು ಮದ್ದುಗುಂಡು ಮತ್ತು ಸಮುದ್ರದ ದಾರಿ; ಕಂಪನಿಗೆ ಬೇಕಾದದ್ದು ಅಕ್ಕಿ, ಎತ್ತು ಮತ್ತು ಶ್ರೀರಂಗಪಟ್ಟಣಕ್ಕೆ ಪಶ್ಚಿಮದಿಂದ ಹತ್ತುವ ದಾರಿ. ಬೆಟ್ಟದವರಿಗೆ ತಮ್ಮ ಬೆಟ್ಟವೇ ಕೋಟೆಯಾಗಿತ್ತು. ಬಂದ ಮಿತ್ರರಿಗೆ ಅದು ದಾರಿಯಾಗಿತ್ತು.

ಎರಡನೆಯ ದಿನ ಈ ದಾರಿಯದ್ದು. ವಿರಾಜಪೇಟೆಯ ಮಾರುಕಟ್ಟೆಯ ಬಳಿ ಕಾಫಿ ಕುಡಿಯುತ್ತಾ, ಈ ಊರು ಹುಟ್ಟಿದ್ದೇ ಒಂದು ಭೇಟಿಯ ನೆನಪಿಗೆ ಎಂಬುದನ್ನು ಕೇಳಿದೆವು. ಬೊಂಬಾಯಿ ಸೈನ್ಯದ ದಂಡನಾಯಕ ಜನರಲ್ ಅಬರ್‌ಕ್ರಾಂಬಿ 1791ರಲ್ಲಿ ಘಾಟಿ ಹತ್ತಿ ಬಂದಾಗ ವೀರರಾಜೇಂದ್ರ ಅವನನ್ನು ಎದುರುಗೊಂಡ ಕಡೆ, 1792ರಲ್ಲಿ ತನ್ನ ಹೆಸರಿನ ಪೇಟೆಯನ್ನು ಕಟ್ಟಿಸಿದ. ಸೈನಿಕ ಮೈತ್ರಿಯೊಂದರ ಸ್ಮಾರಕವಾಗಿ ಹುಟ್ಟಿದ ಊರಿನಲ್ಲಿ ಇಂದು ಕಿತ್ತಳೆ, ಮೆಣಸು, ಜೇನುತುಪ್ಪ ಮಾರುತ್ತಾರೆ.

ಅಲ್ಲಿಂದ ಪೆರುಂಬಾಡಿಯ ಕಡೆಗೆ, ಹೆಗ್ಗಳಕ್ಕೆ. ಈಗ ಮಾಕುಟ್ಟದ ಮೂಲಕ ಕೇರಳಕ್ಕೆ ಇಳಿಯುವ ರಸ್ತೆಯಲ್ಲಿ ಬಸ್ಸು ಲಾರಿಗಳು ಉಸಿರುಗಟ್ಟಿ ಹತ್ತುತ್ತವೆ. ಮೇಷ್ಟ್ರು ಒಂದು ತಿರುವಿನಲ್ಲಿ ಜೀಪು ನಿಲ್ಲಿಸಿ, ಕೆಳಗಿನ ಕಣಿವೆಯನ್ನು ತೋರಿಸಿ, ಫಿರಂಗಿಗಳನ್ನು ಇಲ್ಲಿ ಎಳೆದು ತಂದ ಎತ್ತುಗಳನ್ನು ಕಲ್ಪಿಸಿಕೊಳ್ಳಿ ಎಂದರು. ಕಷ್ಟಪಟ್ಟು ಹತ್ತಿಸಿದ ಆ ಫಿರಂಗಿಗಳಿಂದ ಆ ವರ್ಷ ಪ್ರಯೋಜನವೇನೂ ಆಗಲಿಲ್ಲ. ಪೂರ್ವದಿಂದ ಬಂದ ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1791ರ ಮೇ 15ರಂದು ಅರಕೆರೆಯ ಬಳಿ ಗೆದ್ದರೂ, ದವಸ ಮುಗಿದು, ಎತ್ತುಗಳು ಸತ್ತು, ಮಳೆ ಹಿಡಿದು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಮ್ಮೆಟ್ಟಬೇಕಾಯಿತು. ಪಿರಿಯಾಪಟ್ಟಣದವರೆಗೆ ಬಂದಿದ್ದ ಅಬರ್‌ಕ್ರಾಂಬಿಯೂ ಭಾರದ ಸಾಮಗ್ರಿಯನ್ನು ಮೇಲೆಯೇ ಬಿಟ್ಟು ಮಲಬಾರಿಗೆ ಇಳಿದ. ಹಿಂದಿನ ಬೆಳಿಗ್ಗೆ ಕೋಟೆಯಲ್ಲಿ ಕೇಳಿದ ಅಕ್ಕಿಯ ಪ್ರಶ್ನೆ ಹೀಗೆ ಮಿತ್ರಸೈನ್ಯಕ್ಕೂ ಅನ್ವಯಿಸಿತು. ಮರುವರ್ಷ ಮತ್ತೆ ಇದೇ ಘಾಟಿ ಹತ್ತಿ ಬಂದವರು 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣದ ಮುಂದೆ ಕಾರ್ನ್‌ವಾಲಿಸ್‌ನನ್ನು ಕೂಡಿಕೊಂಡರು.

ಇಲ್ಲಿ ನಾನು ಬಾಯಿ ತೆರೆಯಬೇಕಾಯಿತು. ಆ ಸೈನ್ಯಕ್ಕೆ ಕೊಡಗಿನ ಅರಸ ಒದಗಿಸಿದ ಎತ್ತುಗಳೆಲ್ಲ ಎಲ್ಲಿಯವು? ಮೇಷ್ಟ್ರು ನಕ್ಕು, “ನಿಮ್ಮ ಕಡೆಯವೇ ಸ್ವಾಮಿ” ಎಂದರು. ಮೈಸೂರು ಸೀಮೆಯ ಗಡಿಯ ಹಳ್ಳಿಗಳಿಗೆ ನುಗ್ಗಿ ದನಗಳನ್ನು ಹೊಡೆದುಕೊಂಡು ಬಂದು ಕಂಪನಿಗೆ ಕೊಟ್ಟದ್ದನ್ನು ಕೊಡಗಿನ ಇತಿಹಾಸ ಬರೆದವರೇ ಹೇಳಿದ್ದಾರೆ. ಆಕ್ರಮಣವನ್ನು ತಡೆಯುವವರಿಗೂ ಹೊಟ್ಟೆಯಿದೆ, ಆ ಹೊಟ್ಟೆಗೆ ಬಿದ್ದದ್ದು ಹಲವು ಸಲ ಯಾವುದೋ ಒಕ್ಕಲಿನ ಕೊಟ್ಟಿಗೆ. ಕೇಳಿದ ಮೇಲೆ ಅವರು ಮುಚ್ಚಿಡಲಿಲ್ಲ ನಿಜ, ಆದರೆ ಕೇಳುವವರೆಗೆ ಹೇಳಲೂ ಇಲ್ಲ. ತಂಡದವರು ಈ ಸಂಗತಿಯನ್ನು ಮುಖ್ಯ ನಿರೂಪಣೆಗೆ ಸೇರಿಸಿಕೊಳ್ಳಬೇಕೆಂಬುದು ನನ್ನ ಮೊದಲ ದೂರು.

ಟಿಪ್ಪುವಿನೊಡನೆ ಆದ 1792ರ ಸಂಧಿಯ ಬಗ್ಗೆ ಅವರ ವಿವರಣೆ ಬಹಳ ಚೆನ್ನಾಗಿತ್ತು. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳು ಎಂಬುದು ಶಾಲೆಯಲ್ಲಿ ಎಲ್ಲರೂ ಓದಿದ್ದೇ. ಆ ಮಾತುಕತೆ ಮುರಿಯುವ ಹಂತಕ್ಕೆ ಹೋದದ್ದು ಬಿಟ್ಟುಕೊಡಬೇಕಾದ ಸೀಮೆಗಳ ಪಟ್ಟಿಯಲ್ಲಿ ಕೊಡಗಿನ ಹೆಸರು ಕಂಡಾಗ ಎಂಬುದು ಎಷ್ಟು ಜನರಿಗೆ ಗೊತ್ತು? ಕಂಪನಿಯ, ನಿಜಾಮನ, ಮರಾಠರ ಗಡಿಗೆ ಹೊಂದಿಕೊಂಡ ಸೀಮೆಗಳನ್ನು ಕೇಳುವುದು ಒಂದು. ರಾಜಧಾನಿಯ ಬಾಗಿಲಿಗೇ ಇರುವ ಬೆಟ್ಟವನ್ನು ಕೇಳುವುದು ಇನ್ನೊಂದು. ಟಿಪ್ಪು ಸಿಡಿದೆದ್ದ, ಕಾರ್ನ್‌ವಾಲಿಸ್ ಬಿಡಲಿಲ್ಲ. ಕರಾರಿನ ಮಾತನ್ನು ಕಂಪನಿ ಅಂದು ಉಳಿಸಿಕೊಂಡಿತು ಎಂಬುದನ್ನು ಒಪ್ಪಲೇಬೇಕು. ಮರುವರ್ಷವೇ ವರ್ಷಕ್ಕೆ 24,000 ರೂಪಾಯಿ ಕಪ್ಪವನ್ನು ಗೊತ್ತುಮಾಡಿದ್ದನ್ನೂ ಅದರ ಪಕ್ಕದಲ್ಲಿಯೇ ಇಟ್ಟು ನೋಡಬೇಕು. ಸರಿಸಮಾನ ಮಿತ್ರರು ಒಬ್ಬರಿಗೊಬ್ಬರು ಕಪ್ಪ ಕೊಡುವ ಪದ್ಧತಿಯನ್ನು ನಾನಂತೂ ಕೇಳಿಲ್ಲ. ಟಿಪ್ಪುವಿನ ಪತನದ ಬಳಿಕ ಆ ಹಣ ವರ್ಷಕ್ಕೊಂದು ಆನೆಯಾಗಿ ಬದಲಾಯಿತು.

ಕೊನೆಯ ನಿಲ್ದಾಣ ಪಿರಿಯಾಪಟ್ಟಣದ ಕಡೆಯ ಗಡಿಯ ಸಿದ್ಧೇಶ್ವರ ಬೆಟ್ಟ. ಇಂಗ್ಲಿಷ್ ದಾಖಲೆಗಳಲ್ಲಿ ಸೆಡಸೀರ್. 1799ರ ಮಾರ್ಚ್ 5ರಂದು ಈ ಎತ್ತರದಿಂದ ನೋಡುತ್ತಿದ್ದವರಿಗೆ ದೂರದಲ್ಲಿ ಡೇರೆಗಳು ಏಳುವುದು ಕಂಡಿತು, ಅವುಗಳಲ್ಲಿ ಒಂದು ಹಸಿರು ಡೇರೆ. ಟಿಪ್ಪುವೇ ಬಂದಿದ್ದ. ಮರುದಿನ ಬೆಳಿಗ್ಗೆ ಕಾಡಿನ ಮರೆಯಿಂದ ನುಗ್ಗಿ, ಮುಂಚೂಣಿಯಲ್ಲಿದ್ದ ಕಂಪನಿಯ ಅಧಿಕಾರಿ ಮಾಂಟ್ರೆಸರ್‌ನ ಮೂರು ಸಿಪಾಯಿ ಪಟಾಲಮುಗಳನ್ನು ಎರಡೂ ಕಡೆಯಿಂದ ಸುತ್ತುವರಿದ. ಗುಂಡು ಮುಗಿಯುತ್ತಾ ಬಂದಾಗ ಜನರಲ್ ಸ್ಟೂವರ್ಟ್ ಹಿಂದಿನಿಂದ ನೆರವು ತಂದು ಸೇರಿಕೊಂಡ, ಟಿಪ್ಪು ಹಿಂದೆ ಸರಿದ. ವೀರರಾಜೇಂದ್ರ ಅಂದು ಆ ಬೆಟ್ಟದಲ್ಲಿಯೇ ಇದ್ದು ಎಲ್ಲವನ್ನೂ ಕಣ್ಣಾರೆ ಕಂಡು ಗವರ್ನರ್ ಜನರಲ್‌ಗೆ ಪತ್ರ ಬರೆದ. ಎರಡು ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಇಷ್ಟು ರೋಚಕವಾದ ಜಾಗವನ್ನು ತೋರಿಸಿದ ರೀತಿ ಮಾತ್ರ ತೀರ ಸಪ್ಪೆ. ಸಂಜೆಯಾಗುತ್ತಿದೆ, ಆನೆಗಳ ಓಡಾಟವಿದೆ ಎಂದು ರಸ್ತೆಯ ಬದಿಯಲ್ಲಿ ಹತ್ತು ನಿಮಿಷ ನಿಲ್ಲಿಸಿ, ಬೆರಳು ತೋರಿಸಿ, ಜೀಪು ತಿರುಗಿಸಿದರು. ಆನೆಯ ಕಾರಣ ಒಪ್ಪತಕ್ಕದ್ದೇ, ಆದರೆ ಆನೆ ಅಂದೇ ಹುಟ್ಟಿದ್ದಲ್ಲವಷ್ಟೆ. ವಿರಾಜಪೇಟೆಯಲ್ಲಿ ಊಟಕ್ಕೆ ಎರಡು ಗಂಟೆ ಕಳೆಯದಿದ್ದರೆ ಹಗಲಿನಲ್ಲಿಯೇ ಇಲ್ಲಿಗೆ ಬರಬಹುದಾಗಿತ್ತು. ಇದು ಎರಡನೆಯ ದೂರು.

ಮೂರನೆಯದು ಇವೆರಡಕ್ಕಿಂತ ದೊಡ್ಡದು. ಪ್ರವಾಸ 1799ಕ್ಕೆ ನಿಂತುಬಿಡುತ್ತದೆ. ಟಿಪ್ಪು ಮಡಿದ, ಅರಸನಿಗೆ ಕರಾವಳಿಯ ಕಡೆಯ ಪಂಜ, ಬೆಳ್ಳಾರೆ ಸೀಮೆಗಳು ಆಮೇಲೆ ದೊರೆತವು, ಶುಭಂ ಎಂಬಂತೆ ಜೀಪು ಮಡಿಕೇರಿಗೆ ಮರಳುತ್ತದೆ. ಆದರೆ ಸೂರ್ಯಚಂದ್ರರಿರುವವರೆಗೆ ಎಂದು ಬರೆದುಕೊಂಡ ಸ್ನೇಹ ನಲವತ್ತನಾಲ್ಕು ವರ್ಷ ಸಹ ಪೂರ್ತಿ ಬಾಳಲಿಲ್ಲ. 1834ರ ಏಪ್ರಿಲ್‌ನಲ್ಲಿ ಕಂಪನಿ ತಾನೇ ಕೊಡಗಿನ ಮೇಲೆ ಹಲವು ಕಡೆಯಿಂದ ಏರಿಬಂತು, ಮತ್ತು ಕಣ್ಣೂರಿನಿಂದ ಹೊರಟ ಕರ್ನಲ್ ಫೌಲಿಸ್‌ನ ತುಕಡಿ ಹತ್ತಿದ್ದು ಇದೇ ಹೆಗ್ಗಳದ ಘಾಟಿಯನ್ನು. ಕಂಪನಿಯವರು ಮಿತ್ರರಾಗಿ ಬಂದಾಗ ಕೊಡಗಿನವರೇ ತೋರಿಸಿಕೊಟ್ಟ ದಾರಿ. ಆಗಲೂ ಬೆಟ್ಟ ತನ್ನ ಕೆಲಸ ಮಾಡಿತು. ಆ ಘಾಟಿಯಲ್ಲಿ ಮರದ ಬೊಡ್ಡೆಗಳ ತಡೆಗಳ ಹಿಂದಿನಿಂದ ಕೊಡಗಿನವರು ಕಾದಾಡಿದರು. ಉತ್ತರದಲ್ಲಿ, ಕೊಡ್ಲಿಪೇಟೆಯ ಕಡೆಯ ಬಕ ಎಂಬಲ್ಲಿ, ಮಾದಂಡ ಅಪ್ಪಚ್ಚುವಿನ ಪಡೆ ಕಂಪನಿಯ ತುಕಡಿಯನ್ನು ಹೊಡೆದು ಹಿಮ್ಮೆಟ್ಟಿಸಿತು, ಕರ್ನಲ್ ಮಿಲ್ ಸತ್ತ. ಮದ್ರಾಸಿನ ಕಡೆಯ ಸೈನ್ಯವೇ ಆಗಲಿ, ಮೈಸೂರಿನ ಸೈನ್ಯವೇ ಆಗಲಿ, ಇಕ್ಕಟ್ಟಿನ ದಾರಿಯಲ್ಲಿ ಮರದ ತಡೆಯ ಮುಂದೆ ಒಂದೇ. ಆದರೆ ಆಗಿನ ಅರಸ ಚಿಕ್ಕ ವೀರರಾಜೇಂದ್ರನ ಮನಸ್ಸು ಕಾದಾಟಕ್ಕೂ ಸಂಧಿಗೂ ನಡುವೆ ತೂಗಾಡುತ್ತಿತ್ತು. ಏಪ್ರಿಲ್ 6ರಂದು ಮಡಿಕೇರಿಯ ಕೋಟೆಯ ಮೇಲೆ ಕಂಪನಿಯ ಬಾವುಟ ಏರಿತು. ನಾವು ಮೊದಲ ದಿನ ಸಂಜೆ ಕುಳಿತಿದ್ದ ನಾಲ್ಕುನಾಡು ಅರಮನೆಯೇ ಆ ಅರಸನ ಕೊನೆಯ ಆಸರೆಯಾಯಿತು. ಅಲ್ಲಿಂದ ಬಂದು ಶರಣಾದ. ಮೇ 7ರಂದು ಕೊಡಗು ಕಂಪನಿಯ ಪಾಲಾದ ಘೋಷಣೆ ಹೊರಬಿತ್ತು. ಪಂಜ, ಬೆಳ್ಳಾರೆಗಳನ್ನು ಮತ್ತೆ ಕಿತ್ತು ಕೆನರಾಕ್ಕೆ ಸೇರಿಸಿದರು. ಅರಸ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ.

ಇದನ್ನು ಯಾಕೆ ಹೇಳುವುದಿಲ್ಲ ಎಂದು ಹಿಂದಿರುಗುವಾಗ ಮೇಷ್ಟ್ರನ್ನು ಕೇಳಿದೆ. ಬಂದವರಿಗೆ ಗೆಲುವಿನೊಡನೆ ಮನೆಗೆ ಹೋಗುವುದು ಇಷ್ಟ, ಸೋಲಿನ ಕಥೆ ಸೇರಿಸಿದ ವರ್ಷ ಜನ ಮೆಚ್ಚಲಿಲ್ಲ, ಆದುದರಿಂದ ತಂಡದವರು ತೆಗೆಸಿದರು ಎಂದರು. ಪ್ರಾಮಾಣಿಕ ಉತ್ತರ. ನಾನು ಒಪ್ಪಲಿಲ್ಲ. ಹೆಗ್ಗಳದ ಆ ತಿರುವಿನಲ್ಲಿ ನಿಲ್ಲಿಸಿ 1791ನ್ನು ಮಾತ್ರ ಹೇಳಿ 1834ನ್ನು ಬಿಟ್ಟರೆ, ಕರಾರಿನ ಹಾಳೆಯ ಮುಂಭಾಗವನ್ನಷ್ಟೇ ಓದಿಸಿ ಹಿಂಭಾಗವನ್ನು ಮಡಚಿಟ್ಟಂತೆ. ಹದಿನೈದು ನಿಮಿಷ ಸಾಕು, ಬೇರೆ ಜಾಗಕ್ಕೆ ಹೋಗಬೇಕಾಗಿಯೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಐದರಲ್ಲಿ ನಾಲ್ಕು ಅಂಕ ಕೊಡಲು ನನಗೆ ಹಿಂಜರಿಕೆಯಿಲ್ಲ. ತಲೆಗೆ ಆರೂವರೆ ಸಾವಿರ ರೂಪಾಯಿ ಮೇಲ್ನೋಟಕ್ಕೆ ಹೆಚ್ಚೆನಿಸಿದರೂ, ವಾಸ್ತವ್ಯ, ಊಟ, ಜೀಪು ಸೇರಿ ಅದು ದುಬಾರಿಯಲ್ಲ. ಮೇಷ್ಟ್ರಂಥವರು ಸಿಗುವುದು ಇನ್ನೂ ಅಪರೂಪ. ಹೋಗುವವರು ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಬೇಕು. ಜೂನ್ ಬಂದರೆ ಕಡಂಗದ ಕಂದಕದಲ್ಲಿ ಜಿಗಣೆಯೂ ನೀರೂ ತುಂಬಿರುತ್ತವೆ, ಕಾರ್ನ್‌ವಾಲಿಸ್‌ನ ಎತ್ತುಗಳ ಪಾಡು ನಿಮ್ಮದಾಗುತ್ತದೆ. ಮಂಡಿನೋವು ಇರುವವರು ಕಡಂಗದ ಇಳಿಜಾರಿನ ಬಗ್ಗೆ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ನನ್ನ ಹೆಂಡತಿ ಮೇಲೆಯೇ ನಿಂತು ನೋಡಬೇಕಾಯಿತು. ಎಂಟು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಎರಡನೆಯ ದಿನ ಬೇಸರ ಖಂಡಿತ. ಬಕದವರೆಗೆ ಹೋಗಬೇಕೆಂದು ನಾನು ಹಟ ಹಿಡಿದದ್ದಕ್ಕೆ, ಮುಂದಿನ ಚಳಿಗಾಲದಲ್ಲಿ ಐದು ಜನ ಸೇರಿದರೆ ತಾವೇ ಕರೆದುಕೊಂಡು ಹೋಗುವುದಾಗಿ ಮೇಷ್ಟ್ರು ಹೇಳಿದ್ದಾರೆ. ಸದ್ಯಕ್ಕೆ ನಾವು ಮೂವರಾಗಿದ್ದೇವೆ.